ಗುಮ್ಮನನ್ನು ಕರೆಯುವವರು ಯಾರು?

ಟಿಕೆಟ್ಟಿನ ತಳದಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು: ಚಿಕ್ಕ ಮಕ್ಕಳನ್ನು ಕರೆತರುವುದು ಪೋಷಕರ ವಿವೇಚನೆಗೆ ಬಿಟ್ಟಿದ್ದು. ಅಕ್ಕ ಅದನ್ನು ನನಗೆ ತೋರಿಸಿ, "ನೀನು ಇದರ ಮೇಲೇ ಅಲ್ವೇನೇ ಪಿಎಚ್‌ಡಿ ಮಾಡ್ತಿರೋದು? ಹಾಗಾದ್ರೆ ನೀನೇ ಹೇಳು, ಕಳಿಸ್ಲೋ ಬೇಡ್ವೋ" ಅಂದಳು.

ಇದು ಕಳೆದ ಅಕ್ಟೋಬರಿನ ಮಾತು. ಅಕ್ಕನ ಎರಡನೇ ಬಾಣಂತನಕ್ಕೆ ಅಮ್ಮ ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ, ನಡುವೆ ವಿಮಾನ ಬದಲಿಸುವುದು ಅವಳೊಬ್ಬಳಿಗೆ ಕಷ್ಟವೆಂದು ನಾನೂ ಜೊತೆಗೆ ಹೋಗಿದ್ದೆ. ಕನ್ನಡ ಮಕ್ಕಳ ಕಥೆಗಳಲ್ಲಿ ಭಯದ ಸ್ವರೂಪ ಎಂಬ ನನ್ನ ಮಹಾಪ್ರಬಂಧದ ಮೂರನೇ ಅಧ್ಯಾಯ ಲ್ಯಾಪ್‌ಟಾಪಿನಲ್ಲಿ ಅರ್ಧಕ್ಕೇ ನಿಂತಿತ್ತು. ಹೊರಗೆ ಆ ಬೀದಿಯ ಪ್ರತಿ ಮನೆಯ ಹುಲ್ಲುಹಾಸಿನ ಮೇಲೂ ಪ್ಲಾಸ್ಟಿಕ್ ಅಸ್ಥಿಪಂಜರ, ಥರ್ಮೋಕೋಲಿನ ಗೋರಿಕಲ್ಲು, ಗಿಡಗಳಿಗೆ ಹತ್ತಿಯ ಜೇಡರಬಲೆ. ಬೆಳಗಿನ ಹೊತ್ತು ಅವುಗಳ ನಡುವೆ ಹಾಲಿನ ಕ್ಯಾನು ಹಿಡಿದು ಬರುವ ಅಮ್ಮನನ್ನು ನೋಡಿದಾಗಲೆಲ್ಲ ನಗು ಬರುತ್ತಿತ್ತು. ಹ್ಯಾಲೋವೀನ್ ಹತ್ತಿರ ಬಂದಿತ್ತು. ಅಕ್ಕನ ಮಗ ಪುಟ್ಟನಿಗೆ ಏಳು ವರ್ಷ. ಹತ್ತಿರದ ಒಂದು ಸಭಾಂಗಣದಲ್ಲಿ ಯಾರೋ ಹವ್ಯಾಸಿಗಳು ಸೇರಿ ದೆವ್ವದ ಮನೆ ಕಟ್ಟಿದ್ದರು. ಅವನ ತರಗತಿಯ ಇಬ್ಬರು ಹೋಗಿ ಬಂದಿದ್ದರು. ಇವನಿಗೂ ಹೋಗಲೇಬೇಕು.

ನಾನು ಹೋಗಲಿ ಎಂದೆ. ಹಾಗೆಂದು ಸುಮ್ಮನಾಗಲಿಲ್ಲ, ಕಾಫಿ ಆರುವ ತನಕ ಉಪನ್ಯಾಸವನ್ನೂ ಕೊಟ್ಟೆ. ಬ್ರೂನೋ ಬೆಟಲ್‌ಹೈಮ್ 1976ರಲ್ಲಿ 'ದಿ ಯೂಸಸ್ ಆಫ್ ಎನ್‌ಚಾಂಟ್‌ಮೆಂಟ್' ಬರೆದ ಮೇಲೆ ಮಕ್ಕಳ ಸಾಹಿತ್ಯ ಓದುವವರಿಗೆ ಈ ವಾದ ಬಾಯಿಪಾಠ: ಮಕ್ಕಳ ಮನಸ್ಸಿನಲ್ಲಿ ರಾಕ್ಷಸರು ಆಗಲೇ ಇದ್ದಾರೆ, ಕಥೆ ಅವರಿಗೆ ಮುಖ ಕೊಡುತ್ತದೆ, ಮುಖವಿರುವ ಭಯವನ್ನು ಗೆಲ್ಲಬಹುದು, ಮುಖವಿಲ್ಲದ್ದನ್ನು ಗೆಲ್ಲಲಾಗದು. ಭಯವನ್ನೆಲ್ಲ ಸೋಸಿ ತೆಗೆದ ಕಥೆ ಮಗುವನ್ನು ಅದರ ಭಯದೊಂದಿಗೆ ಒಂಟಿಯಾಗಿ ಬಿಡುತ್ತದೆ. (ಬೆಟಲ್‌ಹೈಮ್ 1990ರಲ್ಲಿ ತೀರಿಕೊಂಡ ಮೇಲೆ, ಅವರ ಶಾಲೆಯಲ್ಲಿದ್ದ ಕೆಲವರು ಅವರು ತಮ್ಮನ್ನು ಹೊಡೆಯುತ್ತಿದ್ದರೆಂದು ಬರೆದರು. ಮಕ್ಕಳ ಭಯದ ಬಗ್ಗೆ ಅವರನ್ನು ಉಲ್ಲೇಖಿಸುವಾಗಲೆಲ್ಲ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ಆದರೂ ಉಲ್ಲೇಖಿಸುತ್ತೇನೆ.)

ನನ್ನ ಹತ್ತಿರ ಸಿದ್ಧಾಂತ ಮಾತ್ರವಲ್ಲ, ಸಾಕ್ಷಿಯೂ ಇತ್ತು. ಹಿಂದಿನ ವಾರವೇ ಭಾವ ನಮ್ಮನ್ನು ಡಿಸ್ನಿಲ್ಯಾಂಡಿಗೆ ಕರೆದೊಯ್ದಿದ್ದರು. 1969ರ ಆಗಸ್ಟಿನಲ್ಲಿ ತೆರೆದ ಅಲ್ಲಿನ ಹಾಂಟೆಡ್ ಮ್ಯಾನ್ಶನ್ ಒಳಗೆ ಪುಟ್ಟ ಎರಡು ಸಲ ಹೋಗಿ ಬಂದಿದ್ದ. ಮೂರನೇ ಸಲಕ್ಕೆ ಹಠ ಹಿಡಿದಿದ್ದ. ದೆವ್ವದ ಮನೆಯಲ್ಲಿ ನಕ್ಕ ಹುಡುಗ ಇನ್ನೊಂದು ದೆವ್ವದ ಮನೆಯಲ್ಲಿ ಯಾಕೆ ಹೆದರುತ್ತಾನೆ ಎಂಬುದು ನನ್ನ ತರ್ಕ.

ಸಭಾಂಗಣದ ಒಳಗೆ ಕಪ್ಪು ಪ್ಲಾಸ್ಟಿಕ್ ಹಾಳೆಯ ಓಣಿಗಳು, ಹೊಗೆ ಯಂತ್ರ, ಮಿಣುಕಿ ಆರುವ ದೀಪ. ಒಂದು ಕಡೆ ಎರಡೂ ಬದಿಯಿಂದ ಗಾಳಿ ತುಂಬಿದ ಚೀಲಗಳು ನಮ್ಮನ್ನು ಅಮುಕಿದವು. ಅದನ್ನು ಪುಟ್ಟ ಆನಂದಿಸಿದ. ಒಂದು ಕೋಣೆಯಲ್ಲಿ ಕಟುಕನ ಅಂಗಡಿ, ರಬ್ಬರ್ ಕೈಕಾಲು. ಅದನ್ನು ಅವನು ಬಗ್ಗಿ ನೋಡಿದ. ಇನ್ನೇನು ಹೊರಬಾಗಿಲು ಕಾಣಿಸಿತು ಎನ್ನುವಾಗ ಪಕ್ಕದ ಕತ್ತಲಿನಿಂದ ಮರ ಕೊಯ್ಯುವ ಚೈನ್‌ಸಾ ಭೋರ್ಗರೆಯುತ್ತಾ ಬಂತು. ಇಂಥ ಕಡೆಗಳಲ್ಲಿ ಅದರ ಸರಪಳಿ ಕಳಚಿಟ್ಟು ಸದ್ದು ಮಾತ್ರ ಉಳಿಸಿರುತ್ತಾರೆ, ಅದು ನನಗೆ ಗೊತ್ತಿತ್ತು. ನಮ್ಮ ತೋಟದಲ್ಲಿ ಆ ಯಂತ್ರದ ಸದ್ದು ಕೇಳಿಯೇ ಬೆಳೆದವಳು ನಾನು. ಆದರೂ ಕಿರುಚಿದೆ. ಕಿರುಚಿ, ಪುಟ್ಟನ ಕೈ ಬಿಟ್ಟು, ಮೂರು ಹೆಜ್ಜೆ ಓಡಿದೆ.

ತಿರುಗಿ ನೋಡಿದಾಗ ಅವನು ಬಿಟ್ಟಲ್ಲೇ ನಿಂತಿದ್ದ. ಅಳಲಿಲ್ಲ. ಕಾರಿನಲ್ಲಿ ಮಾತಾಡಲಿಲ್ಲ. ಊಟ ಬಿಟ್ಟ. ರಾತ್ರಿ ಹಾಸಿಗೆಯಲ್ಲಿ ನಾನು ಪಕ್ಕ ಕೂತಾಗ ಹೇಳಿದ: "ಚಿಕ್ಕಿ, ಅದು ನಿಜವಾದ್ದಲ್ಲ ಅಂತ ನಂಗೆ ಗೊತ್ತಿತ್ತು. ಅದ್ರಲ್ಲಿ ಚೈನೇ ಇರ್ಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಮತ್ತೆ ನೀನ್ಯಾಕೆ ಓಡಿದೆ?"

ಆಮೇಲಿನ ನಾಲ್ಕು ರಾತ್ರಿ ಅವನು ದೀಪ ಆರಿಸಲು ಬಿಡಲಿಲ್ಲ. ಅಕ್ಕ ನನ್ನನ್ನು ಬಯ್ಯಲಿಲ್ಲ. ಎಳೆ ಬಾಣಂತಿಗೆ ನಾಲ್ಕು ರಾತ್ರಿಯ ನಿದ್ದೆ ಎಂದರೆ ಏನೆಂದು ಗೊತ್ತಿರುವವರಿಗೆ, ಆ ಬಯ್ಯದಿರುವುದು ಎಷ್ಟು ಭಾರವೆಂದು ಬೇರೆ ಹೇಳಬೇಕಿಲ್ಲ. ಇನ್ನೂ ಒಂದು ಸಂಗತಿ ನನ್ನನ್ನು ಕಾಡಿತು. ನಾನು ಕಥೆಗಳ ಬಗ್ಗೆ ಬರೆದಿದ್ದ ಮಾತನ್ನು ಓಣಿಗಳಿಗೆ ಹಾಗೇ ಎತ್ತಿ ಅಂಟಿಸಿದ್ದೆ. ದೆವ್ವದ ಮನೆಯೂ ಒಂದು ಕೃತಿ ಎಂದುಕೊಂಡಿದ್ದೆ. ಕೃತಿಯೇ ಹೌದು. ಆದರೆ ಅದನ್ನು ಓದಿರಲಿಲ್ಲ.

ಈಗ ಓದಲು ಪ್ರಯತ್ನಿಸುತ್ತೇನೆ.

ಮೊದಲು ಅದರ ಹುಟ್ಟು. ಅಮೆರಿಕದಲ್ಲಿ ಹ್ಯಾಲೋವೀನಿನ ದೆವ್ವದ ಮನೆಗಳು ಶುರುವಾದದ್ದೇ ಮಕ್ಕಳಿಗಾಗಿ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಅಕ್ಟೋಬರ್ 31ರ ರಾತ್ರಿ ಹುಡುಗರ ಕಿಡಿಗೇಡಿತನ ಕೈಮೀರಿ, ಊರುಗಳು ಆ ಹಬ್ಬಕ್ಕೇ ಹೆದರುವಂತಾಗಿತ್ತು. ಅವರನ್ನು ಬೀದಿಯಿಂದ ಒಳಗೆ ಕರೆದುಕೊಳ್ಳಲು ದೊಡ್ಡವರು ಹೂಡಿದ ಉಪಾಯಗಳಲ್ಲಿ ಇದೊಂದು. ಮನೆಯ ನೆಲಮಾಳಿಗೆಯಲ್ಲಿ ಕತ್ತಲು ಮಾಡಿ ಭಯದ ಹಾದಿ ಕಟ್ಟುವುದು, ಕಣ್ಣು ಕಟ್ಟಿ ಏನೇನನ್ನೋ ಮುಟ್ಟಿಸುವುದು. ಸಿಪ್ಪೆ ಸುಲಿದ ದ್ರಾಕ್ಷಿಯನ್ನು ಕಣ್ಣುಗುಡ್ಡೆ ಎನ್ನುವ, ಬೇಯಿಸಿದ ಸ್ಪಗೆಟಿಯನ್ನು ಕರುಳು ಎನ್ನುವ ಆಟ ಅಲ್ಲಿ ಇಂದಿಗೂ ಪಾರ್ಟಿಗಳಲ್ಲಿ ನಡೆಯುತ್ತದೆ. ಆ ನೆಲಮಾಳಿಗೆಯಲ್ಲಿ ದ್ರಾಕ್ಷಿ ಸುಲಿದವಳು ಯಾರದೋ ತಾಯಿ. ಹೆದರಿಸುವವಳು ಆಮೇಲೆ ತಿಂಡಿಯನ್ನೂ ಕೊಡುವವಳೇ.

ಆ ನೆಲಮಾಳಿಗೆಯಿಂದ ಇದು ಹೊರಬಂದು ಊರಿನ ಸಂಘಗಳ ನಿಧಿಸಂಗ್ರಹಕ್ಕೆ, ಅಲ್ಲಿಂದ ದೊಡ್ಡ ಉದ್ಯಮಕ್ಕೆ ಬೆಳೆಯಿತು. ಅಕ್ಕನ ಮನೆಯಿಂದ ದೂರವಿಲ್ಲದ ಬ್ಯೂನಾ ಪಾರ್ಕಿನಲ್ಲಿ ನಾಟ್ಸ್ ಬೆರಿ ಫಾರ್ಮ್ 1973ರಲ್ಲಿ ಶುರುಮಾಡಿದ ರಾತ್ರಿಗಳು ಇಂದಿಗೂ ನಡೆಯುತ್ತಿವೆ. ಫ್ಲಾರಿಡಾದ ಯೂನಿವರ್ಸಲ್‌ನಲ್ಲಿ ಇಂಥದ್ದೇ ರಾತ್ರಿಗಳು 1991ರಿಂದ ಇವೆ. ಈ ದೊಡ್ಡವರು ಟಿಕೆಟ್ಟಿನ ಮೇಲೆ ಹದಿಮೂರು ವರ್ಷಕ್ಕಿಂತ ಚಿಕ್ಕವರಿಗೆ ಇದು ಸೂಕ್ತವಲ್ಲ ಎನ್ನುತ್ತಾರೆ. ಮಕ್ಕಳಿಗೆಂದೇ ಡಿಸ್ನಿಯವರು 1995ರಲ್ಲಿ ಫ್ಲಾರಿಡಾದಲ್ಲಿ ಇನ್ನೊಂದು ರಾತ್ರಿ ಆರಂಭಿಸಿದರು. ಅಷ್ಟೇನೂ ಭಯವಿಲ್ಲ ಎನ್ನುವುದನ್ನು ಹೆಸರಿನಲ್ಲೇ ಹೇಳುವ ಮಿಕಿಯ ಪಾರ್ಟಿ ಅದು. ಹೀಗೆ ಮಕ್ಕಳಿಗಾಗಿ ಹುಟ್ಟಿದ್ದು ದೊಡ್ಡವರದಾಯಿತು, ಮಕ್ಕಳಿಗೆ ಭಯ ತೆಗೆದ ಭಯದ ಆವೃತ್ತಿ ಸಿಕ್ಕಿತು. ಗ್ರಿಮ್ ಸಹೋದರರ ಕಥೆಗಳ ಚರಿತ್ರೆ ಓದಿದವರಿಗೆ ಈ ಜಾಡು ಪರಿಚಿತ. ಮಕ್ಕಳು ಕಟುಕನಾಟ ಆಡುವ ಕಥೆ 1812ರ ಮೊದಲ ಮುದ್ರಣದಲ್ಲಿತ್ತು, ಎರಡನೆಯದರಲ್ಲಿ ಇಲ್ಲ.

ಈ ಹದಿಮೂರು ಎಲ್ಲಿಂದ ಬಂತು? ಅಮೆರಿಕದ ಸಿನಿಮಾಗಳಿಗೆ ಪಿಜಿ-13 ಎಂಬ ವರ್ಗ 1984ರಲ್ಲಿ ಬಂದಿತು. ಆ ವರ್ಷದ 'ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್' ಮತ್ತು 'ಗ್ರೆಮ್ಲಿನ್ಸ್' ಚಿತ್ರಗಳಿಗೆ ಮಕ್ಕಳೊಂದಿಗೆ ಹೋಗಿ ಕಂಗಾಲಾದ ತಂದೆತಾಯಿಗಳ ಗಲಾಟೆ ಅದಕ್ಕೆ ಕಾರಣ. ಅಂದರೆ ಅಮೆರಿಕದ ಬಾಲ್ಯದ ಗಡಿ ಎಳೆಯುವುದರಲ್ಲಿ, ಬರಿಗೈಯಲ್ಲಿ ಎದೆಯಿಂದ ಹೃದಯ ಕಿತ್ತ ನಮ್ಮ ಅಮರೀಶ್ ಪುರಿಯವರ ಪಾಲೂ ಇದೆ! ದೆವ್ವದ ಮನೆಯವರು ಈ ಸಂಖ್ಯೆಯನ್ನು ಸಿನಿಮಾದಿಂದಲೇ ಪಡೆದರೆಂದು ಸಾಧಿಸಲು ನಾನು ಹೊರಟಿಲ್ಲ. ಆದರೆ ಎರಡೂ ಕಡೆ ಊಹೆ ಒಂದೇ: ವಯಸ್ಸು ಏರಿದಂತೆ ಮಗುವಿಗೆ ಇದು ಸುಳ್ಳು ಎಂಬ ತಿಳಿವಳಿಕೆ ಬರುತ್ತದೆ, ತಿಳಿವಳಿಕೆ ಬಂದ ಮೇಲೆ ಭಯ ಆಟವಾಗುತ್ತದೆ.

ಪುಟ್ಟನ ಮಾತು ಈ ಊಹೆಯನ್ನೇ ಮುರಿಯಿತು. ಅವನಿಗೆ ತಿಳಿವಳಿಕೆ ಇತ್ತು, ಸರಪಳಿ ಇಲ್ಲದ್ದನ್ನು ನನಗಿಂತ ಚೆನ್ನಾಗಿ ನೋಡಿದ್ದ. ಇಂಗ್ಲೆಂಡಿನ ಮನೋವಿಜ್ಞಾನಿ ಪಾಲ್ ಹ್ಯಾರಿಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನಾನು ಅಧ್ಯಾಯದಲ್ಲಿ ಅಡಿಟಿಪ್ಪಣಿಗೆ ತಳ್ಳಿದ್ದೆ. ನಾಲ್ಕು ಮತ್ತು ಆರು ವರ್ಷದ ಮಕ್ಕಳಿಗೆ ಖಾಲಿ ಪೆಟ್ಟಿಗೆ ತೋರಿಸಿ, ಇದರೊಳಗೆ ಒಂದು ಪ್ರಾಣಿ ಇದೆ ಎಂದು ಕಲ್ಪಿಸಿಕೊಳ್ಳಲು ಹೇಳಿದರು. ಕೆಲವರಿಗೆ ಮೊಲ, ಕೆಲವರಿಗೆ ರಾಕ್ಷಸ. ಅದು ಕಲ್ಪನೆ ಎಂದು ಮಕ್ಕಳು ಸರಿಯಾಗಿಯೇ ಹೇಳಿದರು. ಆಮೇಲೆ ಪ್ರಯೋಗ ನಡೆಸುವವರು ಏನೋ ತರಬೇಕೆಂದು ಹೊರಗೆ ಹೊರಟಾಗ, ರಾಕ್ಷಸನ ಪಾಲು ಬಂದ ಚಿಕ್ಕ ಮಕ್ಕಳಲ್ಲಿ ಕೆಲವರು ಅವರನ್ನು ಹೋಗಲು ಬಿಡಲಿಲ್ಲ.

ಈ ಪ್ರಯೋಗವನ್ನು ಸಾಮಾನ್ಯವಾಗಿ ಕಲ್ಪನೆ-ವಾಸ್ತವಗಳ ಗೆರೆ ಮಕ್ಕಳಲ್ಲಿ ಎಷ್ಟು ತೆಳುವೆಂಬುದಕ್ಕೆ ಉದಾಹರಿಸುತ್ತಾರೆ. ನನಗೆ ಈಗ ಅದರಲ್ಲಿ ಕಾಣುವುದು ಬಾಗಿಲು. ದೊಡ್ಡವರು ಕೋಣೆಯಲ್ಲಿರುವ ತನಕ ಪೆಟ್ಟಿಗೆ ಖಾಲಿ. ಅವರು ಬಾಗಿಲ ಕಡೆ ನಡೆದ ಕೂಡಲೇ ಅದರೊಳಗೆ ಏನೋ ಇದೆ.

ಚಾರ್ಲ್ಸ್ ಲ್ಯಾಮ್ 1821ರಲ್ಲಿ ಎಲಿಯಾ ಹೆಸರಿನಲ್ಲಿ ಬರೆದ, ಮಾಟಗಾತಿಯರು ಮತ್ತು ರಾತ್ರಿಯ ಭಯಗಳನ್ನು ಕುರಿತ ಪ್ರಬಂಧ ಇಲ್ಲಿ ನೆನಪಾಗುತ್ತದೆ. ತಂದೆಯ ಪುಸ್ತಕದ ಕಪಾಟಿನಲ್ಲಿ ಸ್ಟ್ಯಾಕ್‌ಹೌಸನ ಬೈಬಲ್ ಚರಿತ್ರೆಯಿತ್ತು. ಅದರಲ್ಲಿ ಸತ್ತ ಸಾಮ್ಯುಯೆಲನನ್ನು ಎಬ್ಬಿಸುವ ಮಾಟಗಾತಿಯ ಚಿತ್ರ. ಸುಮಾರು ನಾಲ್ಕರಿಂದ ಏಳೆಂಟು ವರ್ಷದವರೆಗೆ ಆ ಚಿತ್ರದಿಂದಾಗಿ ರಾತ್ರಿಗಳು ನರಕವಾಗಿದ್ದವೆಂದು ಲ್ಯಾಮ್ ಹೇಳುತ್ತಾರೆ. ಇಲ್ಲಿಗೆ ನಿಲ್ಲಿಸಿದ್ದರೆ ಮಕ್ಕಳಿಗೆ ಇಂಥದ್ದು ತೋರಿಸಬೇಡಿ ಎನ್ನುವವರ ಕೈಗೆ ಒಳ್ಳೆಯ ಆಯುಧವಾಗುತ್ತಿತ್ತು. ಆದರೆ ಲ್ಯಾಮ್ ಕೂಡಲೇ ತಿರುಗುತ್ತಾರೆ. ಈ ಭಯಗಳನ್ನು ಹುಟ್ಟಿಸುವುದು ಪುಸ್ತಕವೂ ಅಲ್ಲ, ಚಿತ್ರವೂ ಅಲ್ಲ, ಆಳುಕಾಳುಗಳ ಕಥೆಯೂ ಅಲ್ಲ, ಅವು ಭಯಕ್ಕೆ ದಿಕ್ಕನ್ನಷ್ಟೇ ಕೊಡುತ್ತವೆ ಎನ್ನುತ್ತಾರೆ. ದೆವ್ವದ ಸೊಲ್ಲೇ ಕಿವಿಗೆ ಬೀಳದಂತೆ ಜೋಪಾನವಾಗಿ ಬೆಳೆಸಿದ ಗೆಳೆಯನೊಬ್ಬನ ಮಗ, ಇದೇ ಭಯವನ್ನು ತನ್ನೊಳಗಿನಿಂದಲೇ ತಯಾರಿಸಿಕೊಂಡದ್ದನ್ನು ಹೇಳುತ್ತಾರೆ. ನಾನು ಈ ಭಾಗವನ್ನು ಹಲವು ಸಲ ಉದ್ಧರಿಸಿದ್ದೇನೆ. ನಾನು ಉದ್ಧರಿಸದೇ ಬಿಟ್ಟದ್ದು ನಡುವಿನ ಇನ್ನೊಂದು ಮಾತು. ಎಳೆಯ ಮಕ್ಕಳನ್ನು ಕತ್ತಲಲ್ಲಿ ಒಂಟಿಯಾಗಿ ಮಲಗಿಸುವ ತಂದೆತಾಯಿಗಳಿಗೆ ತಾವೇನು ಮಾಡುತ್ತಿದ್ದೇವೆಂದು ಗೊತ್ತಿಲ್ಲ ಎಂದು ಅವರು ಅಲ್ಲಿ ಬರೆಯುತ್ತಾರೆ. ಮಗು ಕತ್ತಲಲ್ಲಿ ತಡಕಾಡುವುದು ಪರಿಚಿತ ತೋಳಿಗಾಗಿ, ಪರಿಚಿತ ದನಿಗಾಗಿ.

ಹಾಂಟೆಡ್ ಮ್ಯಾನ್ಶನ್ನಿಗೂ ಆ ಓಣಿಗೂ ಇದ್ದ ವ್ಯತ್ಯಾಸ ನನಗೆ ಇಲ್ಲಿಂದ ತಿಳಿಯತೊಡಗಿತು. ಡಿಸ್ನಿಯ ಆ ಮನೆಯನ್ನು ರೂಪಿಸುವಾಗ ಕ್ಲಾಡ್ ಕೋಟ್ಸ್ ಅದು ನಿಜಕ್ಕೂ ಭಯಹುಟ್ಟಿಸಬೇಕೆಂದೂ, ಮಾರ್ಕ್ ಡೇವಿಸ್ ನಗಿಸಬೇಕೆಂದೂ ಪಟ್ಟುಹಿಡಿದರಂತೆ. ಕೊನೆಗೆ ಮೊದಲರ್ಧ ಒಬ್ಬರದು, ಉತ್ತರಾರ್ಧ ಇನ್ನೊಬ್ಬರದು ಎಂಬಂತಾಯಿತು. ಪುಟ್ಟ ನಕ್ಕದ್ದಕ್ಕೆ ಡೇವಿಸರ ಹಾಸ್ಯ ಕಾರಣವೆಂದು ನಾನು ತಿಳಿದಿದ್ದೆ. ಹಾಸ್ಯಕ್ಕಿಂತ ಆ ಬಂಡಿ ಮುಖ್ಯ ಎಂದು ಈಗ ಅನಿಸುತ್ತದೆ. ಅಲ್ಲಿ ನಾವು ನಡೆಯುವುದಿಲ್ಲ. ಕಪ್ಪು ಬಣ್ಣದ, ಎತ್ತರದ ಬೆನ್ನಿನ ಪುಟ್ಟ ಬಂಡಿಯಲ್ಲಿ ಒತ್ತೊತ್ತಾಗಿ ಕೂರುತ್ತೇವೆ. ಅಡ್ಡಸರಳು ಮಡಿಲ ಮೇಲೆ ಬಂದು ಕೂರುತ್ತದೆ. ಬಂಡಿಯೇ ತಿರುಗಿ ಏನನ್ನು ನೋಡಬೇಕೋ ಅದನ್ನು ತೋರಿಸುತ್ತದೆ. ದೆವ್ವಗಳು ಅಲ್ಲಿ, ನಾವು ಇಲ್ಲಿ. ಭಯ ತೀರಾ ಹತ್ತಿರ ಒತ್ತಿ ಬಾರದಿದ್ದಾಗ ಸುಖ ಕೊಡಬಲ್ಲದು ಎಂದು ಎಡ್ಮಂಡ್ ಬರ್ಕ್ 1757ರಲ್ಲೇ ಹೇಳಿದ್ದು ಇದನ್ನೇ. ಎಲ್ಲಕ್ಕಿಂತ ಹೆಚ್ಚಾಗಿ, ಆ ಬಂಡಿಯಲ್ಲಿ ದೊಡ್ಡವರು ಎದ್ದು ಓಡಲಾರರು. ಅದೂ ಒಂದು ಮಡಿಲು.

ನಡೆದು ಹೋಗುವ ಓಣಿಯ ವ್ಯಾಕರಣವೇ ಬೇರೆ. ಅದರ ಗುರಿ ಇರುವುದೇ ದೊಡ್ಡವರ ಮೇಲೆ. ಎರಡನೇ ತರಗತಿಯ ಹುಡುಗನನ್ನು ಹೆದರಿಸುವುದು ಯಾವ ಸಾಹಸ? ನಟರಿಗೆ ಅಪ್ಪಂದಿರು ಕಿರುಚಬೇಕು, ಕಾಲೇಜು ಹುಡುಗರು ಒಬ್ಬರ ಮೇಲೊಬ್ಬರು ಬೀಳಬೇಕು. ಅದು ಯಶಸ್ವಿಯಾದ ಕ್ಷಣದಲ್ಲಿ, ಮಗುವಿನ ಕೈ ಹಿಡಿದವರೇ ಆ ಕೈ ಬಿಡುತ್ತಾರೆ. ಕಥೆಯಲ್ಲಿ ರಾಕ್ಷಸ ಎಷ್ಟೇ ಘೋರನಿರಲಿ, ಕಥೆ ಹೇಳುವ ದನಿ ಹೆದರಿರುವುದಿಲ್ಲ. ಅಜ್ಜಿ ಬ್ರಹ್ಮರಾಕ್ಷಸನ ಕಥೆ ಹೇಳುತ್ತಲೇ ಎಲೆಗೆ ಸುಣ್ಣ ಸವರುತ್ತಿದ್ದಳು. ಪುರಂದರದಾಸರ ಪ್ರಸಿದ್ಧ ಪದವೊಂದರಲ್ಲಿ ಮಗು ಕೃಷ್ಣ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ಜಗತ್ತನ್ನೇ ಬಾಯಲ್ಲಿಟ್ಟುಕೊಂಡವನಿಗೆ ಗುಮ್ಮನ ಭಯ ಎಂಬ ವಿನೋದವನ್ನು ಎಲ್ಲರೂ ಗುರುತಿಸಿದ್ದೇವೆ. ನಾನು ಗಮನಿಸದೇ ಇದ್ದದ್ದು ಅದರ ಏರ್ಪಾಡನ್ನು: ಗುಮ್ಮ ತಾಯಿಯ ಮಾತು ಕೇಳುವವನು, ಕರೆದರೆ ಬರುವವನು, ಬೇಡವೆಂದರೆ ಹೋಗುವವನು. ತಾಯಿಯೇ ಗುಮ್ಮನನ್ನು ಕಂಡು ಓಡಿದರೆ ಆ ಪದ ಅಲ್ಲಿಗೇ ನಿಂತುಹೋಗುತ್ತದೆ.

ಮಾರಿಸ್ ಸೆಂಡಾಕರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' 1963ರಲ್ಲಿ ಬಂತು. ಇದೇ ಬೆಟಲ್‌ಹೈಮ್ 1969ರಲ್ಲಿ ಒಂದು ಮಹಿಳಾ ಪತ್ರಿಕೆಯ ಅಂಕಣದಲ್ಲಿ ಅದನ್ನು ಟೀಕಿಸಿದರು, ಅದೂ ಪುಸ್ತಕ ಓದದೆ. ವಿಮರ್ಶೆಯ ಚರಿತ್ರೆಯಲ್ಲಿ ಇದು ನಗೆಪಾಟಲಿನ ಪ್ರಸಂಗವಾಗಿ ಉಳಿದಿದೆ, ನಾನೂ ನಕ್ಕಿದ್ದೇನೆ. ಆದರೆ ಅವರು ಆಕ್ಷೇಪಿಸಿದ್ದು ಏನನ್ನು ಎಂದು ನೋಡಿ. ಹಲ್ಲು ಕಿಸಿಯುವ ಕಾಡುಜೀವಿಗಳನ್ನಲ್ಲ. ಮಗುವಿಗೆ ಮೊದಲು ಅನ್ನವಿಟ್ಟ ತಾಯಿಯೇ ಊಟವಿಲ್ಲದೆ ಮಲಗಿಸುವುದನ್ನು. ಓದಿದ್ದರೆ ಕೊನೆಯ ಪುಟದಲ್ಲಿ ಊಟ ಕಾದಿರುವುದು, ಅದು ಇನ್ನೂ ಬಿಸಿಯಾಗಿರುವುದು ಅವರಿಗೆ ಕಾಣುತ್ತಿತ್ತು. ಪುಸ್ತಕ ಓದದೇ ಇದ್ದ ವಿಮರ್ಶಕ ಭಯ ಎಲ್ಲಿದೆಯೆಂಬುದನ್ನು ಮಾತ್ರ ಸರಿಯಾಗಿ ಓದಿದ್ದರು. ನಾನು ಎಲ್ಲವನ್ನೂ ಓದಿ ಅದೊಂದನ್ನೇ ಬಿಟ್ಟೆ.

ಹಾಗಾದರೆ ಮಕ್ಕಳನ್ನು ಇಂಥಲ್ಲಿಗೆ ಕರೆದೊಯ್ಯಬಾರದೇ? ಅಕ್ಕ ಕೇಳಿದ್ದು ಇದನ್ನು, ತಪ್ಪಿಸಿಕೊಳ್ಳುವುದು ಸರಿಯಲ್ಲ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ಒಂದು ದೆವ್ವದ ಮನೆಗೆ ಬಂದ 110 ಜನರ ಹೃದಯ ಬಡಿತ ಅಳೆದು 2020ರಲ್ಲಿ ಬರೆದ ಪ್ರಬಂಧದಲ್ಲಿ, ಭಯ ತೀರಾ ಕಡಿಮೆಯಾದರೂ ತೀರಾ ಹೆಚ್ಚಾದರೂ ಖುಷಿ ಇಳಿಯುತ್ತದೆ, ನಡುವೆ ಒಂದು ಹದವಿದೆ ಎನ್ನುತ್ತಾರೆ. ಇದನ್ನು ನಮ್ಮ ಅಡುಗೆಮನೆಗಳು ಬೇರೆ ವಿಷಯದಲ್ಲಿ ಎಂದೋ ಹೇಳಿವೆ. ಹದ ಯಾರದು ಎಂಬುದು ಪ್ರಶ್ನೆ. ಅಮೆರಿಕದ ಕೆಲವು ಉದ್ಯಾನಗಳಲ್ಲಿ ಹೊಳೆಯುವ ಒಂದು ಹಾರ ಮಾರುತ್ತಾರೆ, ಅದನ್ನು ಕೊರಳಿಗೆ ಹಾಕಿಕೊಂಡವರನ್ನು ನಟರು ಹೆದರಿಸುವುದಿಲ್ಲ. ಭಯವನ್ನೂ ಮಾರಿ ತಾಯಿತವನ್ನೂ ಮಾರುವ ಜಾಣತನಕ್ಕೆ ಮೊದಲು ಸಿಟ್ಟು ಬಂತು. ಆಮೇಲೆ, ಹದವನ್ನು ಮಗುವಿನ ಕೈಗೆ ಕೊಡುವ ವಸ್ತು ಅಲ್ಲಿ ಇದೊಂದೇ ಎಂದೂ ಹೊಳೆಯಿತು. ಬೇಕಾದಾಗ ಹಾಕು, ಸಾಕಾದಾಗ ಹಾಕು, ಧೈರ್ಯ ಬಂದಾಗ ತೆಗೆದು ಜೇಬಿಗಿಡು. ಪುಸ್ತಕ ಮುಚ್ಚುವ ಹಕ್ಕಿಗೆ ಓಣಿಯಲ್ಲಿ ಅದಕ್ಕಿಂತ ಹತ್ತಿರದ್ದು ನನಗೆ ಕಾಣಲಿಲ್ಲ.

ಅಕ್ಕನಿಗೆ ನಾನು ಹೇಳಬೇಕಿದ್ದದ್ದು ಇಷ್ಟು: ಏಳಕ್ಕೋ ಹದಿಮೂರಕ್ಕೋ ಎಂದು ಕೇಳಬೇಡ. ಮೊದಲು ನೀನೊಬ್ಬಳೇ ಹೋಗಿ ಬಾ. ನೀನು ಎಲ್ಲಿ ಹೆದರಿದೆ ಎಂದು ನೋಡಿಕೋ. ನಡುವೆ ಹೊರಬರುವ ಬಾಗಿಲು ಎಲ್ಲಿದೆ ಎಂದು ಕೇಳಿಕೋ. ಸಾಧ್ಯವಾದರೆ ಹಗಲಲ್ಲಿ, ದೀಪ ಹಾಕಿರುವಾಗ, ಬಣ್ಣ ಬಳಿಯುತ್ತಿರುವಾಗ ಅವನನ್ನು ಕರೆದೊಯ್ದು ತೋರಿಸು. ನಮ್ಮೂರ ಆಟಗಳಲ್ಲಿ ನಾವು ಚೌಕಿಗೆ ನುಗ್ಗಿ, ಬಣ್ಣದ ವೇಷದವರ ಮುಖದ ಮೇಲೆ ಒಂದೊಂದೇ ಚಿಟ್ಟಿ ಏಳುವುದನ್ನು ಗಂಟೆಗಟ್ಟಲೆ ನೋಡಿ, ಆಮೇಲೆ ಅದೇ ಮನುಷ್ಯ ದೊಂದಿ ಬೆಳಕಲ್ಲಿ ಅಬ್ಬರಿಸಿ ಬಂದಾಗ ಅಮ್ಮನ ಸೆರಗಿನೊಳಗೆ ಹೋಗುತ್ತಿದ್ದೆವು. ನೋಡಿದ್ದರಿಂದ ಭಯ ಕಡಿಮೆಯಾಗಿರಲಿಲ್ಲ. ಆ ಭಯದಲ್ಲಿ ನಮಗೂ ಒಂದು ಪಾಲಿತ್ತು.

ಇಷ್ಟನ್ನು ಅಧ್ಯಾಯಕ್ಕೆ ಸೇರಿಸಿ ಮಾರ್ಗದರ್ಶಕರಿಗೆ ಕಳಿಸಬಹುದಿತ್ತು. ಆದರೆ ಐದನೇ ದಿನ ಸಂಜೆ ನಡೆದದ್ದು ನನ್ನ ವಾದಕ್ಕೆ ಸರಿಯಾಗಿ ಕೂರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಅಮ್ಮ ನಾಲ್ಕು ದಿನ ಸುಮ್ಮನೆ ನೋಡಿದಳು. ಐದನೇ ದಿನ ಪುಟ್ಟನನ್ನು ಅಡುಗೆಮನೆಯಲ್ಲಿ ಕೂರಿಸಿ, ಉಪ್ಪು ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆದು, ಒಲೆಯ ಮೇಲಿಟ್ಟ ಬಾಣಲೆಗೆ ಹಾಕಿದಳು. ಆ ಮನೆಗಳ ಸೂರಿನಲ್ಲಿ ಹೊಗೆಗೆ ಕೂಗುವ ಯಂತ್ರ ಇರುತ್ತದೆ ಎಂದು ನಾವ್ಯಾರೂ ಯೋಚಿಸಿರಲಿಲ್ಲ. ಕಿವಿ ಹರಿಯುವಂತೆ ಅದು ಕೂಗತೊಡಗಿತು. ಕೂಸು ಬೆಚ್ಚಿ ಅಳಲು ಶುರುಮಾಡಿತು. ಅಕ್ಕ ಕೂಸನ್ನೆತ್ತಿಕೊಂಡು ಹಿತ್ತಲಿಗೆ ಓಡಿದಳು, ಭಾವ ಟವೆಲ್ ಬೀಸುತ್ತಾ ಕುರ್ಚಿ ಹತ್ತಿದರು, ಅಮ್ಮ ಬಾಣಲೆ ಹಿಡಿದು ಯಾವ ಕಡೆ ಹೋಗಬೇಕೆಂದು ತಿಳಿಯದೆ ಸುತ್ತು ತಿರುಗಿದಳು. ಮನೆಯ ದೊಡ್ಡವರೆಲ್ಲ ಹೆದರಿದ್ದೆವು. ಪುಟ್ಟ ಮಾತ್ರ ಕೂತಲ್ಲೇ ಕೂತು, ಬಿಕ್ಕಳಿಕೆ ಬರುವಷ್ಟು ನಕ್ಕ. ಆ ರಾತ್ರಿ ದೀಪ ಆರಿಸಿ ಮಲಗಿದ.

ಯಾಕೆಂದು ಬೆಳಿಗ್ಗೆ ಕೇಳಿದೆ. "ಅಜ್ಜಿ ನನ್ ಕೈ ಬಿಟ್ಟಿರ್ಲಿಲ್ಲ" ಎನ್ನುತ್ತಾನೆಂದು ಕಾದಿದ್ದೆ, ಹಾಗೆ ಹೇಳಿದ್ದರೆ ಅಧ್ಯಾಯ ಮುಗಿಯುತ್ತಿತ್ತು. ಅವನು ಸೀರಿಯಲ್ ತಿನ್ನುತ್ತಾ, "ಅಪ್ಪ ಟವೆಲ್ ಹಿಡ್ಕೊಂಡು ಹೇಗೆ ಮಾಡಿದ್ರು ನೋಡಿದ್ಯಾ ಚಿಕ್ಕಿ?" ಎಂದು ಎದ್ದು ನಿಂತು, ಚಮಚ ಬೀಸಿ ತೋರಿಸಿದ.